ಬಿಲ್ಲಿನ ದಬ್ಬೆ ಒಣಗಿತಾ? ತಿಂಗಳು ಎಣಿಸಬೇಡಿ, ತೂಕ ನೋಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಹಳ್ಳಿ. ಜೂನ್ ಗಾಳಿಗೆ ತೋಟದ ಅಂಚಿನಲ್ಲಿದ್ದ ತಡಸಲು ಮರ ಬಿತ್ತು. ಕೊಡಲಿ ಕಾವಿಗೆ ತಡಸಲಿನಷ್ಟು ಒಳ್ಳೆ ಮರ ಇಲ್ಲ ಅಂತ ಅಪ್ಪ ಹೇಳುತ್ತಿದ್ದರು. ಬಾಗಿದರೂ ಮುರಿಯಲ್ಲ ಅನ್ನುವ ಮರ ಬಿಲ್ಲಿಗೂ ಆಗಬೇಕಲ್ವಾ ಅಂತ, 6 ಅಡಿ ಉದ್ದದ ನಾಲ್ಕು ತುಂಡು ಮಾಡಿಕೊಂಡೆ. ಎಲ್ಲವೂ ಸುಮಾರು 4 ಇಂಚು ದಪ್ಪದ ಉರುಟು ತುಂಡುಗಳು. ಒಂದರ ತೊಗಟೆ ಸುಲಿದು, ಬಿಸಿಲು ಬಂದ ದಿನಗಳಲ್ಲಿ ಅಂಗಳದಲ್ಲಿಟ್ಟೆ. ನಾಲ್ಕನೇ ದಿನ ಈ ತುದಿಯಿಂದ ಆ ತುದಿಗೆ ಬಿರಿಯಿತು. ಇನ್ನೊಂದನ್ನು ತೊಗಟೆ ಸಮೇತ ಸೂರಿನ ಕೆಳಗೆ ನಿಲ್ಲಿಸಿದೆ. ಈಗ ತುದಿ ಕಪ್ಪಾಗಿ ಬೂಷ್ಟು ಹಿಡಿದಿದೆ, ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದೆ. ಮೂರನೆಯದನ್ನು ಅಡುಗೆಮನೆ ಅಟ್ಟಕ್ಕೆ ಹಾಕಿದೆ. ಅದರ ಎರಡೂ ತುದಿಯಲ್ಲಿ ಸಣ್ಣ ಸೀಳು ಕಾಣುತ್ತಿವೆ. ನಾಲ್ಕನೆಯದನ್ನು ಮಾವನ ಮಾತು ಕೇಳಿ ಕೆರೆಯಲ್ಲಿ ಮುಳುಗಿಸಿಟ್ಟಿದ್ದೇನೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕು ಅಂತ ಎಲ್ಲ ಕಡೆ ಓದುತ್ತೇನೆ. ಅದು ನಿಜವಾ? ಓವನ್‌ನಲ್ಲಿಟ್ಟು ಬೇಗ ಒಣಗಿಸಬಹುದಾ? ಬಿರಿದ ತುಂಡು ಒಲೆಗೇ ಹೋಗಬೇಕಾ? ದಸರಾ ಹೊತ್ತಿಗೆ ಒಂದು ಬಿಲ್ಲಾದರೂ ಆಗುತ್ತಾ? ಗುರಿ ಅಭ್ಯಾಸಕ್ಕೆ ಮಾತ್ರ, ಬೇರೆ ಉದ್ದೇಶ ಇಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇದ್ದರೂ ಒಳಗಿನ ಚಿಂತೆ ಒಂದೇ. ಒಳ್ಳೆ ಮರ ಕೈಗೆ ಸಿಕ್ಕಿದೆ, ಮಲೆನಾಡಿನ ಮಳೆಯಲ್ಲಿ ಅದು ಕೈಯಾರೆ ಹಾಳಾಗಿ ಹೋಗುತ್ತಿದೆಯಾ ಅಂತ. ಹಾಳಾಗಿಲ್ಲ. ನಾಲ್ಕರಲ್ಲಿ ಮೂರು ತುಂಡು ಉಳಿಸಿಕೊಳ್ಳಬಹುದು. ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಯಾವುದು ಗೊತ್ತಾ? ಕೆರೆಯಲ್ಲಿ ಮುಳುಗಿರುವುದು.

ಅದು ಯಾಕೆ ಅನ್ನುವುದಕ್ಕೆ ಮರದೊಳಗಿನ ನೀರಿನ ವಿಷಯ ಸ್ವಲ್ಪ ಹೇಳಬೇಕು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಕೊಳವೆಯಂಥ ಜೀವಕೋಶಗಳ ಟೊಳ್ಳಿನಲ್ಲಿ ತುಂಬಿರುವ ನೀರು. ಇನ್ನೊಂದು, ಆ ಕೊಳವೆಗಳ ಗೋಡೆಯೊಳಗೇ ಸೇರಿಕೊಂಡಿರುವ ನೀರು. ಒಗೆದ ಬಟ್ಟೆಯನ್ನು ನೆನೆಸಿಕೊಳ್ಳಿ. ಹಿಂಡಿದರೆ ಸುರಿಯುವುದು ಮೊದಲನೆಯದು. ಹಿಂಡಿದ ಮೇಲೂ ನೂಲಿನಲ್ಲಿ ಉಳಿಯುವ ಒದ್ದೆ ಎರಡನೆಯದು. ಮರ ಒಣಗುವಾಗ ಟೊಳ್ಳಿನ ನೀರು ಮೊದಲು ಹೋಗುತ್ತದೆ. ಆಗ ತೂಕ ಇಳಿಯುತ್ತದೆ, ಆದರೆ ಮರ ಕುಗ್ಗುವುದಿಲ್ಲ. ತೇವ, ಅಂದರೆ ಒಣ ಮರದ ತೂಕಕ್ಕೆ ಹೋಲಿಸಿದ ನೀರಿನ ತೂಕ, ಶೇ 30ರ ಆಸುಪಾಸಿಗೆ ಬಂದಾಗ ಟೊಳ್ಳು ಖಾಲಿಯಾಗಿ, ಗೋಡೆಯ ನೀರು ಹೊರಡಲು ಶುರುವಾಗುತ್ತದೆ. ಕುಗ್ಗುವುದು, ಬಿರಿಯುವುದು, ಸೊಟ್ಟಗಾಗುವುದು ಎಲ್ಲಾ ಅಲ್ಲಿಂದ ಕೆಳಗೆ. ಮರಕ್ಕೆ ಬಲ ಬರುವುದೂ ಅಲ್ಲಿಂದಲೇ. ಹಸಿಯಾಗಿದ್ದಾಗ ತಡೆಯುವ ಒತ್ತಡದ ಹೆಚ್ಚುಕಡಿಮೆ ಎರಡು ಪಟ್ಟನ್ನು ಒಣಗಿದ ಮರ ತಡೆಯುತ್ತದೆ. ಬಿಲ್ಲಿನ ಹೊಟ್ಟೆ, ಅಂದರೆ ಎಳೆಯುವವರ ಕಡೆಗಿನ ಮೈ, ಒತ್ತಡದಲ್ಲೇ ಬದುಕುವ ಭಾಗ. ಹಸಿ ದಬ್ಬೆಯಿಂದ, ಅಂದರೆ ಬಿಲ್ಲಿಗೆಂದು ಸೀಳಿದ ಹಸಿ ಮರದಿಂದ, ಮಾಡಿದ ಬಿಲ್ಲು ಬಾಗಿದರೆ ಬಾಗಿದಂತೆಯೇ ಉಳಿದುಬಿಡುವುದು ಇದಕ್ಕೇ.

ಈಗ ಬಿರುಕಿನ ಮೂಲಕ್ಕೆ ಬರೋಣ. ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ, ಶೇ 0.1ರಿಂದ 0.2 ಅಷ್ಟೆ. ತೊಗಟೆಯಿಂದ ನಡುತಿರುಳಿನ ಕಡೆಗೆ ಒಂದು ಪಾಲು ಕುಗ್ಗಿದರೆ, ಬಳೆಯಂತೆ ಸುತ್ತಲೂ ಸುಮಾರು ಎರಡು ಪಾಲು ಕುಗ್ಗುತ್ತದೆ. ಉರುಟು ತುಂಡಿನಲ್ಲಿ ಹೊರಗಿನ ಬಳೆ ಜಾಸ್ತಿ ಬಿಗಿಯಾಗಬೇಕು ಅನ್ನುತ್ತದೆ, ಒಳಗಿನ ಮರ ಅಷ್ಟು ಸಣ್ಣದಾಗುವುದಿಲ್ಲ. ದಪ್ಪ ಕೈಗೆ ಸಣ್ಣ ಬಳೆ ತೊಡಿಸಿದ ಹಾಗೆ. ಎಲ್ಲೋ ಒಂದು ಕಡೆ ಬಳೆ ಒಡೆಯಲೇಬೇಕು. ಆದ್ದರಿಂದ ನಿಮ್ಮ ಬಿಸಿಲಿನ ತುಂಡು ಬಿರಿದದ್ದಕ್ಕೆ ಬಿಸಿಲು ಅರ್ಧ ಕಾರಣ ಮಾತ್ರ. ಉರುಟಾಗಿಯೇ ಇಟ್ಟದ್ದು ಇನ್ನರ್ಧ. ನೆರಳಲ್ಲಿಟ್ಟಿದ್ದರೆ ನಾಲ್ಕು ದಿನದ ಬದಲು ನಾಲ್ಕು ತಿಂಗಳಿಗೆ ಬಿರಿಯುತ್ತಿತ್ತು. ತಿರುಳು ಒಳಗಿರುವ ಉರುಟು ತುಂಡನ್ನು ಬಿರಿಯದಂತೆ ಪೂರ್ತಿ ಒಣಗಿಸಿದ್ದನ್ನು ನಾನು ಕಂಡದ್ದು ತೀರಾ ಕಡಿಮೆ. ಅಟ್ಟದ ಮೇಲಿನದೂ ಅದೇ ದಾರಿಯಲ್ಲಿದೆ. ಇವತ್ತೇ ಇಳಿಸಿ ಸೀಳಿ.

ಬಿರಿದ ತುಂಡನ್ನು ಒಲೆಗೆ ಹಾಕಬೇಡಿ. ಅದನ್ನು ಬೆಳಕಿಗೆ ಹಿಡಿದು ಬಿರುಕಿನ ಗೆರೆ ಹೇಗೆ ಹೋಗಿದೆ ನೋಡಿ. ಒಂದು ತುದಿಯಲ್ಲಿ ಗಡಿಯಾರದ 12ರ ಜಾಗದಲ್ಲಿ ಶುರುವಾಗಿ ಇನ್ನೊಂದು ತುದಿಯಲ್ಲೂ 12ರ ಹತ್ತಿರವೇ ಮುಗಿದಿದ್ದರೆ, ಆ ಮರದ ಎಳೆ ನೆಟ್ಟಗಿದೆ ಅಂತ ಅರ್ಥ. ಇಷ್ಟು ಖಚಿತವಾಗಿ ಬೇರೆ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಆ ಬಿರುಕಿಗೇ ಬೆಣೆ ಹೊಡೆದು ತುಂಡನ್ನು ಎರಡು ಸೀಳು ಮಾಡಿ. ಬಿರುಕು ಅಂಚಾಗಿ ಹೋಗುತ್ತದೆ, ಪ್ರತಿ ಸೀಳಿನ ನಡುಭಾಗ ಗಟ್ಟಿಯಾಗಿ ಉಳಿಯುತ್ತದೆ. 4 ಇಂಚಿನ ತುಂಡಾದ್ದರಿಂದ ಎರಡಿಂಚು ಅಗಲದ ಒಂದು ಬಿಲ್ಲಿಗಂತೂ ಸಾಕು. 12ರಲ್ಲಿ ಶುರುವಾದದ್ದು 3ಕ್ಕೆ ಹೋಗಿ ಮುಗಿದಿದ್ದರೆ ಎಳೆ ಸುತ್ತಿಕೊಂಡಿದೆ. ಅದರ ಬಿಲ್ಲು ಹೆದೆ ಏರಿಸಿದಾಗ ತಿರುಚಿಕೊಳ್ಳುತ್ತದೆ. ಅಂಥದ್ದನ್ನು ಕೊಡಲಿ ಕಾವಿಗೆ ಇಟ್ಟುಕೊಳ್ಳಿ.

ಸೂರಿನ ಕೆಳಗಿನ ತುಂಡಿನ ಆಸೆ ಬಿಡಿ. ನಿಮ್ಮ ಕಡೆ ಕುಟ್ಟೆ ಹಿಡಿಯುವುದು ಅಂತೀರಲ್ಲ, ಅದೇ ಇದು. ಮರದ ಹೊರಗಿನ ಬಿಳಿ ಭಾಗದಲ್ಲಿ ಹಿಟ್ಟಿನ ಅಂಶ ಇರುತ್ತದೆ, ಹುಳಕ್ಕೆ ಬೇಕಾದದ್ದು ಅದು. ತೊಗಟೆ ಇದ್ದರೆ ಒಳಗೆ ತೇವ ನಿಲ್ಲುತ್ತದೆ, ಬೂಷ್ಟಿಗೆ ಅನುಕೂಲ, ಕೆಲವು ಹುಳ ಮೊಟ್ಟೆ ಇಡುವುದೂ ತೊಗಟೆಯ ಸಂದಿಯಲ್ಲೇ. ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆಗಿನ ಮೈ, ತೊಗಟೆಯ ಕೆಳಗಿನ ಆ ಬಿಳಿ ಭಾಗದಿಂದಲೇ ಆಗುವುದು. ಎಳೆದಾಗ ಅದು ಹಿಗ್ಗಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಮುರಿತ ಅಲ್ಲಿಂದ ಶುರುವಾಗುತ್ತದೆ. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಆ ತುಂಡನ್ನು ಉಳಿದವುಗಳ ಹತ್ತಿರದಿಂದ ಇವತ್ತೇ ದೂರ ಇಡಿ, ಅಟ್ಟಕ್ಕಂತೂ ಹಾಕಬೇಡಿ. ಮನೆಯ ತೊಲೆಗೂ ಹರಡೀತು.

ಇನ್ನು ಇಂಚಿಗೊಂದು ವರ್ಷದ ಮಾತು. ಇದು ಪೂರಾ ಸುಳ್ಳಲ್ಲ, ಆದರೆ ನಿಮ್ಮ ಮನೆಗೆ ಹೇಳಿದ್ದಲ್ಲ. ದಪ್ಪ ಹಲಗೆಗಳನ್ನು ಬಯಲಲ್ಲಿ ಅಟ್ಟಿ ಹಾಕಿ ಒಣಗಿಸುವ ಚಳಿ ದೇಶಗಳ ಅಂದಾಜು ಅದು. ಬಿಲ್ಲಿನ ಬಗ್ಗೆ ನಾವು ಓದುವ ಬಹುಪಾಲು ವಿಷಯ ಇಂಗ್ಲೆಂಡಿನ ಯೂ ಮರದ್ದು, ಇಲ್ಲ ಅಮೆರಿಕದ ಓಸೇಜ್ ಆರೆಂಜ್ ಮರದ್ದು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು. ಆ ಹಡಗಿನಿಂದ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು ಯೂ ಮರದವು. ಆ ಜನರ ಅನುಭವ ದೊಡ್ಡದು, ನಾನು ಅದರಿಂದ ಬಹಳ ಕಲಿತಿದ್ದೇನೆ. ಆದರೆ ಅವರ ಗಾಳಿ ಬೇರೆ, ನಮ್ಮ ಗಾಳಿ ಬೇರೆ. ಮರ ಎಷ್ಟು ಒಣಗುತ್ತದೆ ಅನ್ನುವುದನ್ನು ಗೋಡೆಯ ಕ್ಯಾಲೆಂಡರ್ ತೀರ್ಮಾನಿಸುವುದಿಲ್ಲ, ಸುತ್ತಲಿನ ಗಾಳಿ ತೀರ್ಮಾನಿಸುತ್ತದೆ.

ಇಲ್ಲಿ ಕೆಲವು ಅಂಕಿ ನೆನಪಿಟ್ಟುಕೊಳ್ಳಿ. ಗಾಳಿಯ ತೇವ ಶೇ 90 ಇದ್ದ ಜಾಗದಲ್ಲಿ ಮರವನ್ನು ಎಷ್ಟು ದಿನ ಇಟ್ಟರೂ ಅದರ ತೇವ ಶೇ 20ರ ಹತ್ತಿರ ನಿಂತುಬಿಡುತ್ತದೆ. ಶೇ 80 ಇದ್ದರೆ 16ರ ಹತ್ತಿರ, 65 ಇದ್ದರೆ 12, 50 ಇದ್ದರೆ 9, 30 ಇದ್ದರೆ 6. ಜಾತಿಯಿಂದ ಜಾತಿಗೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ದೊಡ್ಡ ವ್ಯತ್ಯಾಸ ಬರುವುದಿಲ್ಲ. ಬಿಲ್ಲಿಗೆ ಬೇಕಾದದ್ದು ಶೇ 8ರಿಂದ 10. ಅದಕ್ಕಿಂತ ಜಾಸ್ತಿ ಇದ್ದರೆ ಬಾಗು ಉಳಿಯುತ್ತದೆ, ಬಾಣ ಸೋಮಾರಿಯಾಗಿ ಹೋಗುತ್ತದೆ. 6ಕ್ಕಿಂತ ಕೆಳಗೆ ಹೋದರೆ ಹಪ್ಪಳದಂತೆ ಮುರಿಯುತ್ತದೆ. ನಿಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಆಷಾಢದಲ್ಲಿ ಜಗಲಿಯ ಗಾಳಿ ಹೇಗಿರುತ್ತದೆ ಅಂತ ಉಪ್ಪಿನ ಡಬ್ಬಿಯೇ ಹೇಳುತ್ತದೆ. ಅಲ್ಲಿ ದಬ್ಬೆಯನ್ನು ವಾರ ವಾರ ತೂಗಿದರೆ ಒಂದು ಹಂತದಲ್ಲಿ ತೂಕ ಇಳಿಯುವುದು ನಿಲ್ಲುತ್ತದೆ. ಬಹಳ ಜನ ಮೋಸ ಹೋಗುವುದು ಅಲ್ಲೇ. ತೂಕ ನಿಂತಿದೆ, ಒಣಗಿದೆ ಅಂದುಕೊಳ್ಳುತ್ತಾರೆ. ಅದು ಒಣಗಿಲ್ಲ, ಅಲ್ಲಿನ ಗಾಳಿಯ ಜೊತೆ ಹೊಂದಿಕೊಂಡಿದೆ ಅಷ್ಟೆ. ಒಳಗೆ ಇನ್ನೂ ಶೇ 18, 20 ಇರುತ್ತದೆ. ಆದ್ದರಿಂದ ತೂಕದ ಜೊತೆಗೆ ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು ಬೇಕು. ದುಬಾರಿಯ ವಸ್ತುವಲ್ಲ.

ಇದರ ಇನ್ನೊಂದು ಮುಖವನ್ನು ನಾನೇ ಅನುಭವಿಸಿದ್ದೇನೆ. ಸಾಗರದಲ್ಲಿ ಮಾಡಿ, ಎರಡು ವರ್ಷ ಚೆನ್ನಾಗಿ ನಡೆದ ಬಿಲ್ಲೊಂದನ್ನು ಒಂದು ಏಪ್ರಿಲ್‌ನಲ್ಲಿ ಕಲಬುರಗಿಗೆ ಒಯ್ದಿದ್ದೆ. ಎರಡು ವಾರ ಅಲ್ಲೇ ಇದ್ದೆ. ಆ ಬಿಸಿಲಿನಲ್ಲಿ ಮಧ್ಯಾಹ್ನದ ಗಾಳಿಯ ತೇವ ಶೇ 25ಕ್ಕೂ ಇಳಿಯುತ್ತದೆ. ಹದಿಮೂರನೇ ದಿನ ಬೆಳಿಗ್ಗೆ ಹೆದೆ ಕೆನ್ನೆಯವರೆಗೆ ಬರುವ ಮೊದಲೇ ಹಿಡಿಯಿಂದ ಒಂದು ಗೇಣು ಮೇಲೆ ಮುರಿಯಿತು. ಮೇಲಿನ ತುಂಡು ಹಾರಿ ನನ್ನ ಹಣೆಗೆ ಬಡಿಯಿತು. ಮುರಿದ ಜಾಗ ನಾರುನಾರಾಗಿರಲಿಲ್ಲ, ಕ್ಯಾರೆಟ್ ಮುರಿದ ಹಾಗೆ ಅಡ್ಡಕ್ಕೆ ಚೊಕ್ಕವಾಗಿತ್ತು. ಅತಿಯಾಗಿ ಒಣಗಿದ ಮರ ಮುರಿಯುವುದೇ ಹಾಗೆ. ಆ ಬಿಲ್ಲನ್ನು ಮಾಡುವಾಗ ತಪ್ಪಾಗಿರಲಿಲ್ಲ, ಜಾಗ ಬದಲಾದಾಗ ತೂಗಿ ನೋಡದೆ ಎಳೆದದ್ದು ತಪ್ಪು. ಅಂದಿನಿಂದ ನನ್ನ ಪ್ರತಿ ಬಿಲ್ಲಿನ ಹಿಡಿಯ ಮೇಲೆ ಅದು ಸರಿಯಿದ್ದಾಗಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದಿಡುತ್ತೇನೆ.

ಈಗ ಕೆರೆಯ ತುಂಡು. ನೀರಲ್ಲಿ ಮುಳುಗಿಸಿದರೆ ಮರ ಬೇಗ ಒಣಗುತ್ತದೆ ಅನ್ನುವುದು ನಿಜವಲ್ಲ. ಆದರೆ ನಿಮ್ಮ ಮಾವ ಹೇಳಿದ್ದರಲ್ಲಿ ಹಳೆಯ ಬುದ್ಧಿವಂತಿಕೆ ಇದೆ. ಪೂರ್ತಿ ಮುಳುಗಿದ ಮರ ಕುಗ್ಗುವುದಿಲ್ಲ, ಹಾಗಾಗಿ ಬಿರಿಯುವುದಿಲ್ಲ. ಗಾಳಿ ಸಿಗದೆ ಬೂಷ್ಟು ಬರುವುದಿಲ್ಲ, ಕುಟ್ಟೆ ಸೇರುವುದಿಲ್ಲ, ಹುಳಕ್ಕೆ ಬೇಕಾದ ಹಿಟ್ಟಿನ ಅಂಶವೂ ಸ್ವಲ್ಪ ಸ್ವಲ್ಪವಾಗಿ ಕರಗಿ ಹೋಗುತ್ತದೆ. ಎರಡು ತಿಂಗಳಿನಿಂದ ಆ ತುಂಡು ನಿಮಗಾಗಿ ಕಾದಿದೆ ಅಂತ ತಿಳಿಯಿರಿ. ಸ್ವಲ್ಪ ವಾಸನೆ ಬರಬಹುದು, ಗಾಳಿಗೆ ಹೋಗುತ್ತದೆ.

ಮೇಲೆ ತಂದ ದಿನವೇ ಸೀಳಬೇಕು. ಗರಗಸ ಬೇಡ, ಬೆಣೆ ಹಾಕಿ. ಗರಗಸ ತನಗೆ ಬೇಕಾದಲ್ಲಿ ಹೋಗುತ್ತದೆ, ಬೆಣೆ ಎಳೆ ಹೋದಲ್ಲಿ ಹೋಗುತ್ತದೆ. ಸಣ್ಣ ತುದಿಯಿಂದ ಶುರು ಮಾಡಿ, ತಿರುಳಿನ ಮೇಲೆಯೇ ಕೊಡಲಿ ಇಟ್ಟು ಹಿಂದಿನಿಂದ ಮರದ ಕೊಡತಿಯಲ್ಲಿ ಬಡಿಯಿರಿ. ಬಿರುಕು ಬಿಟ್ಟ ಕೂಡಲೇ ಮೊದಲ ಬೆಣೆ, ಅದರ ಮುಂದೆ ಒಂದು ಅಡಿಗೆ ಎರಡನೆಯದು, ಆಮೇಲೆ ಹಿಂದಿನದನ್ನು ಕಿತ್ತು ಮುಂದಕ್ಕೆ. ಹಸಿ ತಡಸಲು ಸೀಳುವಾಗ ಚಟಚಟ ಅಂತ ಸದ್ದು ಬರುತ್ತದೆ, ನಡುನಡುವೆ ನಾರು ಎರಡೂ ಕಡೆ ಹಿಡಿದುಕೊಂಡು ಬಿಡುವುದಿಲ್ಲ. ಆ ನಾರನ್ನು ಕತ್ತಿಯಿಂದ ಕಡಿಯಿರಿ, ಕೈಯಿಂದ ಎಳೆದು ಕೀಳಲು ಹೋಗಬೇಡಿ. ಎಳೆದರೆ ನಾರು ಬೆನ್ನಿನ ಕಡೆಗೆ ಹರಿದುಕೊಂಡು ಹೋಗುತ್ತದೆ. ಎರಡು ಹೋಳಾದ ತಕ್ಷಣ ಬಳೆ ಒಡೆದ ಹಾಗಾಯಿತು. ಇನ್ನು ಕುಗ್ಗುವಾಗ ಅದಕ್ಕೆ ಜಾಗ ಇದೆ.

ಮುಂದಿನ ಕೆಲಸವನ್ನು ಮರುದಿನಕ್ಕೆ ಬಿಡಬೇಡಿ. ಎರಡೂ ತುದಿಗೆ ಫೆವಿಕಾಲ್ ಅಥವಾ ಕರಗಿಸಿದ ಮೇಣವನ್ನು ದಪ್ಪಗೆ ಬಳಿಯಿರಿ, ತುದಿಯಿಂದ ಎರಡಿಂಚು ಒಳಗಿನವರೆಗೂ. ನೀರು ಮರದ ತುದಿಯಿಂದ ಹೋಗುವ ವೇಗ ಪಕ್ಕದಿಂದ ಹೋಗುವುದಕ್ಕಿಂತ 10ರಿಂದ 15 ಪಟ್ಟು ಜಾಸ್ತಿ. ನಿಮ್ಮ ಅಟ್ಟದ ತುಂಡಿನ ತುದಿ ಸೀಳಿದ್ದು ಅದಕ್ಕೇ. ತುದಿಗೆ ಸಗಣಿ ಮೆತ್ತುವ ಪದ್ಧತಿಯನ್ನು ನೀವೂ ನೋಡಿರಬಹುದು. ಅದರ ಹಿಂದಿನ ಯೋಚನೆ ಸರಿಯೇ. ಆದರೆ ಒಣಗಿದ ಸಗಣಿ ಉದುರುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಸುತ್ತದೆ. ಮೇಣ ಸಿಗುವಾಗ ಅದು ಬೇಡ.

ತೊಗಟೆ ಸುಲಿಯಬೇಕಾ ಬಿಡಬೇಕಾ ಅನ್ನುವುದರಲ್ಲಿ ಕೆಲಸಗಾರರಲ್ಲೇ ಎರಡು ಮಾತಿದೆ. ತೊಗಟೆ ಇದ್ದರೆ ಬೆನ್ನು ನಿಧಾನವಾಗಿ ಒಣಗುತ್ತದೆ, ಬಿರುಕಿನ ಭಯ ಕಡಿಮೆ. ಸುಲಿದರೆ ಹುಳ, ಬೂಷ್ಟಿನ ಭಯ ಕಡಿಮೆ. ಬಯಲುಸೀಮೆಯವರು ಕೇಳಿದ್ದರೆ ಬಿಡಿ ಅನ್ನುತ್ತಿದ್ದೆ. ನಿಮ್ಮ ಊರಿಗೆ ನನ್ನ ಸಲಹೆ, ಸುಲಿಯಿರಿ. ಸುಲಿದ ಮೈಗೆ ನೀರು ಬೆರೆಸಿದ ಫೆವಿಕಾಲ್ ಅಥವಾ ವಾರ್ನಿಷ್ ತೆಳ್ಳಗೆ ಹಚ್ಚಿಬಿಡಿ. ಸುಲಿಯುವಾಗ ಕತ್ತಿ ಮರದ ಮೈಗೆ ತಾಗದಂತೆ ನೋಡಿಕೊಳ್ಳಿ. ತೊಗಟೆಯ ಕೆಳಗಿನ ಆ ನುಣುಪು ಮೈಯೇ ನಿಮ್ಮ ಬಿಲ್ಲಿನ ಬೆನ್ನು. ಅಲ್ಲಿ ಒಂದು ಗಾಯವೂ ಆಗಬಾರದು. ತೊಗಟೆಯನ್ನು ಎಸೆಯಬೇಡಿ, ಅದರ ನಾರಿನ ಹಗ್ಗ ಗಟ್ಟಿ ಅಂತ ನಿಮಗೇ ಗೊತ್ತಿರುತ್ತದೆ.

ದಸರಾಕ್ಕೆ ಬೇಕು ಅನ್ನುವ ದಬ್ಬೆಯನ್ನು ಹಸಿಯಾಗಿದ್ದಾಗಲೇ ಒರಟಾಗಿ ಬಿಲ್ಲಿನ ಆಕಾರಕ್ಕೆ ತನ್ನಿ. ಹಿಡಿಯ ಜಾಗ ದಪ್ಪಗೆ ಹಾಗೇ ಇರಲಿ. ಹಿಡಿಯ ಆಚೀಚೆಯ ಎರಡೂ ತೋಳು ಎರಡಿಂಚು ಅಗಲ, ಒಂದಿಂಚು ದಪ್ಪ. ಹೊಟ್ಟೆಯ ಕಡೆಯಿಂದ ಮಾತ್ರ ಬಾಚಿಯಲ್ಲಿ ಕೆತ್ತಬೇಕು. ನಾಲ್ಕಿಂಚಿನ ತುಂಡು ಒಣಗಲು ವರ್ಷ ಹಿಡಿದರೆ ಒಂದಿಂಚಿನದು ವಾರಗಳಲ್ಲಿ ಒಣಗುತ್ತದೆ. ಇದರಲ್ಲಿ ಅಪಾಯವೂ ಇದೆ, ತೆಳ್ಳಗಿನದು ಸುಲಭವಾಗಿ ಸೊಟ್ಟಗಾಗುತ್ತದೆ. ನೇರವಾದ ಒಂದು ರೀಪಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ. ಟ್ಯೂಬ್ ಯಾಕೆಂದರೆ, ಮರ ಕುಗ್ಗಿದ ಹಾಗೆ ಅದೂ ಬಿಗಿಯುತ್ತಾ ಹೋಗುತ್ತದೆ, ಹಗ್ಗ ಸಡಿಲವಾಗಿಬಿಡುತ್ತದೆ. ದಬ್ಬೆಗೂ ರೀಪಿಗೂ ನಡುವೆ ಅಲ್ಲಲ್ಲಿ ಬೆರಳು ದಪ್ಪದ ಚಕ್ಕೆ ಇಡಿ, ಗಾಳಿ ಆಡಲಿ.

ಕೆತ್ತಿದ ದಿನವೇ ತೂಕದ ಲೆಕ್ಕ ಶುರು. ತುದಿಯಿಂದಲ್ಲದೆ ನಡುಭಾಗದಿಂದ ಬಿದ್ದ ಹೆಬ್ಬೆರಳು ಗಾತ್ರದ ಐದಾರು ಚಕ್ಕೆ ಆರಿಸಿ ತಕ್ಷಣ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 112 ಗ್ರಾಂ ಬಂತು ಅನ್ನಿ. ನಿಮ್ಮಲ್ಲಿ ಓವನ್ ಇದೆಯಲ್ಲ, ಅದರ ನಿಜವಾದ ಉಪಯೋಗ ಇಲ್ಲಿ. ಚಕ್ಕೆಗಳನ್ನು 100ರಿಂದ 105 ಡಿಗ್ರಿಯಲ್ಲಿಟ್ಟು, ಪಕ್ಕದಲ್ಲೇ ಇದ್ದು, ಗಂಟೆಗೊಮ್ಮೆ ತೂಗಿ. ಎರಡು ಸಲ ಒಂದೇ ತೂಕ ಬಂದರೆ ನೀರು ಪೂರ್ತಿ ಹೋಯಿತು. ಅದು 64 ಗ್ರಾಂ ಆಯಿತು ಅನ್ನಿ. ಹೋದ ನೀರು 48 ಗ್ರಾಂ. 48ನ್ನು 64ರಿಂದ ಭಾಗಿಸಿದರೆ 0.75, ಅಂದರೆ ತೇವ ಶೇ 75. ಒಣ ಮರದ ತೂಕಕ್ಕೆ ಹೋಲಿಸಿ ಲೆಕ್ಕ ಹಾಕುವುದರಿಂದ ಹಸಿ ಮರದಲ್ಲಿ ಶೇ 100 ದಾಟಿದರೂ ಗಾಬರಿಯಾಗಬೇಡಿ.

ಅದೇ ದಿನ ದಬ್ಬೆ 2.8 ಕೆ.ಜಿ. ಇದ್ದರೆ, 2.8ನ್ನು 1.75ರಿಂದ ಭಾಗಿಸಿ. 1.6 ಕೆ.ಜಿ. ಬರುತ್ತದೆ. ನೀರೇ ಇಲ್ಲದಿದ್ದರೆ ನಿಮ್ಮ ದಬ್ಬೆಯ ತೂಕ ಇಷ್ಟು. ಶೇ 20ಕ್ಕೆ ಬಂದಾಗ ಅದು 1.92 ಕೆ.ಜಿ. ಇರುತ್ತದೆ. ಶೇ 9ಕ್ಕೆ 1.744 ಕೆ.ಜಿ. ಈ ಎರಡು ಅಂಕಿಯನ್ನು ಪೆನ್ಸಿಲ್‌ನಲ್ಲಿ ದಬ್ಬೆಯ ಹಿಡಿಯ ಮೇಲೆಯೇ ಬರೆಯಿರಿ. ಲೆಕ್ಕ ಹಾಕಿದ ಮೇಲೆ ಮತ್ತೆ ಕೆತ್ತಬೇಡಿ, ಕೆತ್ತಿದರೆ ಎಲ್ಲ ತಪ್ಪುತ್ತದೆ. ತೇವ ಅಳೆಯುವ ಮೊಳೆಯ ಮೀಟರ್ ಸಿಗುತ್ತದೆ, ನನ್ನ ಹತ್ತಿರವೂ ಇದೆ. ಆದರೆ ಅದು ಹೇಳುವುದು ಮೊಳೆ ತಾಗಿದಷ್ಟು ಆಳದ ಕಥೆ. ತಕ್ಕಡಿ ಇಡೀ ದಬ್ಬೆಯ ಕಥೆ ಹೇಳುತ್ತದೆ.

ಮೊದಲ ಎರಡು ಮೂರು ವಾರ ಅವಸರ ಬೇಡ. ಬಿಸಿಲು, ಫ್ಯಾನು, ಒಲೆ ಯಾವುದೂ ಬೇಡ. ಜಗಲಿಯ ನೆರಳು ಸಾಕು. ಸಣ್ಣ ಕೂದಲೆಳೆ ಬಿರುಕು ಕಂಡರೆ ಗೋಣಿಚೀಲ ಹೊದಿಸಿ ವೇಗ ತಗ್ಗಿಸಿ. ಹೊರಮೈ ಬೇಗ ಒಣಗಿ ಗಟ್ಟಿಯಾಗಿ, ಒಳಗೆ ಹಸಿ ಉಳಿದರೆ ಮರ ತನ್ನೊಳಗೇ ಜಗಳಕ್ಕೆ ಬೀಳುತ್ತದೆ. ಮಳೆಗಾಲದ ನಿಮ್ಮ ಗಾಳಿ ಈ ಹಂತಕ್ಕೆ ಒಳ್ಳೆಯದೇ. ಕಲಬುರಗಿಯವರಿಗೆ ಈ ಅದೃಷ್ಟ ಇಲ್ಲ. ತೂಕ 1.92ರ ಹತ್ತಿರ ಬಂದು ನಿಂತಾಗ ಎರಡನೇ ಹಂತ. ಈಗ ಶಾಖ ಬೇಕು.

ಎಷ್ಟು ಶಾಖ? ಬಹಳ ಕಡಿಮೆ. ಇಲ್ಲಿ ಒಂದು ಲೆಕ್ಕ ನನಗೆ ಯಾವಾಗಲೂ ಖುಷಿ ಕೊಡುತ್ತದೆ. 25 ಡಿಗ್ರಿಯ ಗಾಳಿಯಲ್ಲಿ ತೇವ ಶೇ 90 ಇದೆ ಅಂದುಕೊಳ್ಳಿ. ಅದೇ ಗಾಳಿಯನ್ನು 35 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತೇವ ಶೇ 50ರ ಹತ್ತಿರಕ್ಕೆ ಬರುತ್ತದೆ. ಒಂದು ಹನಿ ನೀರನ್ನೂ ಹೊರಗೆ ಹಾಕಿಲ್ಲ, ಹತ್ತು ಡಿಗ್ರಿ ಏರಿಸಿದ್ದಷ್ಟೆ. ಶೇ 50 ಅಂದರೆ ಮರಕ್ಕೆ 9. ನಮಗೆ ಬೇಕಾದ ಅಂಕಿಯೇ ಅದು. ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಬಿಲ್ಲಿನ ದಬ್ಬೆ ಒಣಗುತ್ತದೆ.

ಅದಕ್ಕೆ ನಿಮ್ಮಲ್ಲಿ ಹಳೆಯ ವ್ಯವಸ್ಥೆಯೇ ಇದೆ, ಒಲೆ ಮೇಲಿನ ಅಟ್ಟ. ದಿನವೂ ಒಲೆ ಉರಿಯುವ ಮನೆಯಾದರೆ ಹೈಗ್ರೋಮೀಟರ್ ಅಲ್ಲಿಟ್ಟು ಮೂರು ದಿನ ನೋಡಿ. ಶಾಖ 32ರಿಂದ 38, ತೇವ 45ರಿಂದ 55 ಇದ್ದರೆ ಇನ್ನೇನೂ ಬೇಡ. ಹೊಗೆಗೆ ಹುಳವೂ ಬರುವುದಿಲ್ಲ. ಒಲೆಗೆ ನೇರ ಮೇಲೆ ಇಡಬೇಡಿ, ಪಕ್ಕಕ್ಕೆ ಸರಿಸಿ. ಗ್ಯಾಸ್ ಒಲೆಯ ಮನೆಯಾದರೆ ಪ್ಲೈವುಡ್‌ನಲ್ಲಿ ಏಳು ಅಡಿ ಉದ್ದ, ಒಂದೂವರೆ ಅಡಿ ಅಗಲ-ಎತ್ತರದ ಪೆಟ್ಟಿಗೆ ಮಾಡಿ. ಕೆಳಗೆ ಒಂದು ತುದಿಯಲ್ಲಿ ಎರಡು ತೂತು, ಮೇಲೆ ಇನ್ನೊಂದು ತುದಿಯಲ್ಲಿ ಎರಡು. ತಂತಿ ಇರುವ ಹಳೇ ಮಾದರಿಯ 60 ವ್ಯಾಟ್ ಬಲ್ಬು ಒಂದೆರಡು ಸಾಕು. ಎಲ್‌ಇಡಿ ಬಲ್ಬಿನಿಂದ ಬೇಕಾದಷ್ಟು ಶಾಖ ಬರುವುದಿಲ್ಲ. ಬಲ್ಬಿಗೂ ಮರಕ್ಕೂ, ಬಲ್ಬಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಅಂತರ ಇರಲಿ, ಸುತ್ತ ಕಬ್ಬಿಣದ ಜಾಲರಿ ಇರಲಿ. ಮನೆಯಲ್ಲಿ ಯಾರೂ ಇಲ್ಲದಾಗ, ರಾತ್ರಿ ಮಲಗುವಾಗ ಆರಿಸಿ. ಸ್ವಲ್ಪ ತಡವಾದರೂ ನಷ್ಟ ಇಲ್ಲ. ಬೆಂಕಿ ಬಿದ್ದರೆ ಮನೆಯೇ ಹೋಗುತ್ತದೆ.

ಅಡಿಕೆ ಡ್ರೈಯರ್‌ನಲ್ಲಿ ಇಡಬಹುದಾ ಅಂತ ನಿಮ್ಮ ಕಡೆಯವರು ಕೇಳುತ್ತಲೇ ಇರುತ್ತಾರೆ. ಅಲ್ಲಿನ ಶಾಖ ಬಿಲ್ಲಿನ ದಬ್ಬೆಗೆ ಜಾಸ್ತಿ, ಹಸಿ ದಬ್ಬೆಯನ್ನು ಖಂಡಿತ ಇಡಬೇಡಿ. ಮೈಕ್ರೋವೇವ್ ಬಗ್ಗೆಯೂ ಇದೇ ಮಾತು. ಅದು ಒಳಗಿನ ನೀರನ್ನೇ ಕುದಿಸುತ್ತದೆ. ಆವಿಗೆ ಹೊರಬರಲು ದಾರಿ ಸಿಗದೆ ಎಳೆಗಳನ್ನು ಒಡೆದುಕೊಂಡು ಬರುತ್ತದೆ, ಹೊರಗೆ ಏನೂ ಕಾಣದೆ ಒಳಗೆ ಕರಿಯಾಗಿರುತ್ತದೆ. ದೊಡ್ಡ ಓವನ್ ಇದ್ದರೂ ಇಡೀ ದಬ್ಬೆಗೆ 100 ಡಿಗ್ರಿ ಬೇಡ. ಚಕ್ಕೆಯ ಲೆಕ್ಕಕ್ಕೆ ಮಾತ್ರ ಅದು.

ಬಿದಿರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮಲೆನಾಡಿನಲ್ಲಿ ಬಿಲ್ಲು ಅಂದರೆ ಬಿದಿರು ಬಂದೇ ಬರುತ್ತದೆ. ಅಮಾವಾಸ್ಯೆಯ ಹತ್ತಿರ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ನನ್ನ ಅನುಭವದಲ್ಲಿ ತಿಥಿಗಿಂತ ಹೆಚ್ಚು ಕೆಲಸ ಮಾಡುವುದು ಕಾಲ ಮತ್ತು ವಯಸ್ಸು. ಹೊಸ ಕಳಲೆ ಏಳುವ ಮಳೆಗಾಲ ಮುಗಿದ ಮೇಲೆ, ಚಳಿಯಲ್ಲಿ, ಮೂರು ನಾಲ್ಕು ವರ್ಷದ ಗಳ ಕಡಿಯಬೇಕು. ಕಡಿದು ಸೀಳಿ, ಹರಿಯುವ ನೀರಿನಲ್ಲಿ ಎರಡು ಮೂರು ವಾರ ನೆನೆಸಿದರೆ ಹಿಟ್ಟಿನ ಅಂಶ ಇಳಿದು ಕುಟ್ಟೆಯ ಭಯ ಬಹಳ ಕಡಿಮೆಯಾಗುತ್ತದೆ. ಅಮಾವಾಸ್ಯೆಗೇ ಕಡಿಯುತ್ತೇನೆ ಅಂದರೆ ಕಡಿಯಿರಿ, ನಷ್ಟವೇನೂ ಇಲ್ಲ. ನೆನೆಸುವುದನ್ನು ಮಾತ್ರ ಬಿಡಬೇಡಿ.

ದಸರಾಕ್ಕೆ ಆಗುತ್ತಾ? ಕೆರೆಯ ತುಂಡಿನ ಒಂದು ಹೋಳನ್ನು ಈ ವಾರವೇ ಕೆತ್ತಿ ಕಟ್ಟಿದರೆ, ಒಂದು ಬಿಲ್ಲು ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಉಳಿದ ಹೋಳುಗಳಿಗೆ ಅವಸರ ಮಾಡಬೇಡಿ. ತುದಿ ಮುಚ್ಚಿ, ನೆಲದಿಂದ ಎತ್ತರದಲ್ಲಿ, ಗೆದ್ದಲು ಹತ್ತದ ಹಾಗೆ ಜಗಲಿಯ ಮಾಡಿನ ಕೆಳಗೆ ಅಡ್ಡಕ್ಕೆ ಮಲಗಿಸಿಡಿ. ಸಂಕ್ರಾಂತಿಯಿಂದ ಶಿವರಾತ್ರಿಯ ನಡುವಿನ ಒಣ ಗಾಳಿ ಅವನ್ನು ನೋಡಿಕೊಳ್ಳುತ್ತದೆ. ದಸರಾ ಹತ್ತಿರ ಬಂದರೂ ತೂಕ 1.76 ಕೆ.ಜಿ.ಗಿಂತ ಮೇಲಿದ್ದರೆ ದಯವಿಟ್ಟು ಹೆದೆ ಏರಿಸಬೇಡಿ. ಆಯುಧಪೂಜೆಗೆ ಒರಟು ದಬ್ಬೆಯನ್ನೇ ಇಟ್ಟು ಕುಂಕುಮ ಹಚ್ಚಿ. ಹಸಿಯಲ್ಲಿ ಒಮ್ಮೆ ಬಾಗಿದ ಹೊಟ್ಟೆಯ ಎಳೆ ನಲುಗಿದರೆ ಆಮೇಲೆ ಎಷ್ಟು ಒಣಗಿಸಿದರೂ ಅದು ಮೊದಲಿನಂತೆ ಆಗುವುದಿಲ್ಲ.

ಒಣಗಿದ ದಬ್ಬೆಯಲ್ಲಿ ಬಿರುಕು ಕಂಡರೆ ಅದರ ದಿಕ್ಕು ನೋಡಿ. ಎಳೆಯ ಉದ್ದಕ್ಕೆ ಹೋಗಿ ತೋಳಿನ ನಡುವೆಯೇ ಮುಗಿದಿದ್ದರೆ ತೆಳ್ಳಗಿನ ಅಂಟು ಇಳಿಬಿಟ್ಟು ಮುಂದುವರಿಯಬಹುದು. ಬೆನ್ನಿನ ಮೇಲೆ ಅಂಚಿನ ಕಡೆಗೆ ಓಡಿ ಹೊರಗೆ ಹೋಗಿದ್ದರೆ, ಅಥವಾ ಅಡ್ಡಕ್ಕೆ ಇದ್ದರೆ, ಆ ದಬ್ಬೆಯನ್ನು ಬಿಡಿ. ಮೊದಲ ಸಲ ಎಳೆಯುವಾಗ ಕೈಯಿಂದ ಬೇಡ. ಬಿಲ್ಲಿನ ಹಿಡಿಯನ್ನು ಕಂಬಕ್ಕೆ ಕಟ್ಟಿ, ಹೆದೆಗೆ ಹಗ್ಗ ಹಾಕಿ, ಎಂಟು ಅಡಿ ದೂರ ನಿಂತು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಎಳೆಯಿರಿ. ಮಕ್ಕಳು ಹತ್ತಿರ ಇರಬಾರದು.

ಇನ್ನೊಂದು ಮಾತು. ಬಿದ್ದ ಮರ ನಿಮ್ಮ ತೋಟದ್ದೇ ಆದರೂ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಟ್ಟಿಡಿ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸೊಪ್ಪಿನಬೆಟ್ಟದಲ್ಲಿ ಸೊಪ್ಪು ತರುವ ಸವಲತ್ತು ಇದೆ ಅಂದ ಮಾತ್ರಕ್ಕೆ ಅಲ್ಲಿನ ಮರ ನಮ್ಮದಾಗುವುದಿಲ್ಲ. ಮರದ ಜಾತಿ, ಗುಣದ ಬಗ್ಗೆ ಖಚಿತ ಮಾಹಿತಿ ಬೇಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಇವತ್ತು ಕೆರೆಗೆ ಹೋಗುವ ಮೊದಲು ಮೇಣ ಕರಗಿಸಿ ಇಟ್ಟುಕೊಂಡಿರಿ, ಬೆಣೆ ಎರಡಲ್ಲ, ಮೂರು ಮಾಡಿಕೊಳ್ಳಿ. ಮೊದಲ ತೂಕ ಎಷ್ಟು ಬಂತು, ಒಂದು ತಿಂಗಳ ನಂತರ ಎಷ್ಟಾಯಿತು ಅಂತ ಬರೆದು ತಿಳಿಸಿ. ಹೈಗ್ರೋಮೀಟರ್ ಅಂಕಿಯನ್ನೂ ಜೊತೆಗೆ ಕಳಿಸಿದರೆ ಬಲ್ಬು ಯಾವಾಗ ಹಾಕಬೇಕು ಅಂತ ದಿನ ನೋಡಿ ಹೇಳುತ್ತೇನೆ.